ಕೆಡದ ಕಂಪ್ಯೂಟರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ತಮ್ಮ ಕಂಪ್ಯೂಟರಿಗೆ ದಿನಾ ಹೊಸದಾಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿದ್ದರು. ಅದು ಆಗಾಗ ಕೆಡುತ್ತಿತ್ತು. ಕೆಟ್ಟಾಗಲೆಲ್ಲ ಘಾಟಿಗೆ ಸೀನುತ್ತ, ಇಂಟರ್‌ನೆಟ್ಟಿನಲ್ಲಿ ಯಾವುದೋ ದೇಶದವರನ್ನು ಉಪಾಯ ಕೇಳುತ್ತಿದ್ದರು. ಉತ್ತರ ಬಂದರೆ ಮುಖ ಅರಳುತ್ತಿತ್ತು.

ನನಗೂ ಅದನ್ನೇ ಹಾಕಿಕೊಡಿ ಎಂದೆ.

"ಬ್ಯಾಡ್ರಿ. ನಿಮಗ ವರ್ಷಗಟ್ಟಲೆ ಬದಲಾಗದ್ದನ್ನ ಹಾಕ್ತೇನಿ. ಅದು ಕೆಡೂದಿಲ್ಲ."

ಗಿರಾಕಿಗಳಿಗೆಲ್ಲ ಅವರು ಹಾಕುತ್ತಿದ್ದದ್ದು ಅದನ್ನೇ.

ನನ್ನದು ಕೆಡಲೇ ಇಲ್ಲ. ಆ ಅಂಗಡಿಗೆ ಮತ್ತೆ ಹೋಗುವ ಕೆಲಸವೂ ಬೀಳಲಿಲ್ಲ. ಪೇಟೆಯಲ್ಲಿ ಸಿಕ್ಕಾಗಲೆಲ್ಲ "ಕೆಟ್ಟಿಲ್ಲಲ್ರಿ?" ಎಂದು ಕೇಳುವರು. ಇಲ್ಲವೆಂದರೆ "ಛಲೋ ಆತ್ರಿ" ಎಂದು ಅಲ್ಲೇ ನಿಲ್ಲುವರು.

ಒಮ್ಮೆ ನನ್ನ ರಾಣೆಬೆನ್ನೂರು ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದರು.

"ಕೆಡಲಿಲ್ಲಂದ್ರೂ ಬರ್ರಿ ಒಮ್ಮೆ."