ಆರತಿ ತಟ್ಟೆಯ ಇನ್ನೊಂದು ತುದಿ

ಟಿ. ನರಸೀಪುರದ ಕಡೆಯ ಆ ಹಳ್ಳಿಯಲ್ಲಿ ನಾನು ಸರ್ಕಾರಿ ಕಾರು ನಿಲ್ಲಿಸಿದಾಗ ಸ್ವಾಗತದ ಬ್ಯಾನರನ್ನು ಬಿಚ್ಚಿ ಸುತ್ತುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ಜರ್ಮನಿಯ ಪತ್ರಕರ್ತೆಗೆ ಇದೇನೂ ತಿಳಿಯದು. ನಮ್ಮ ಕೈಮಗ್ಗದ ಬಗ್ಗೆ ಅವರ ದೇಶದಲ್ಲಿ ಬರೆಯಲಿ ಎಂದು ಕರೆಸಿದ್ದ ಸರ್ಕಾರ, ಅವರು ವಿಮಾನದಲ್ಲಿದ್ದಾಗಲೇ ಬಿದ್ದುಹೋಗಿತ್ತು. ಜೊತೆಗಿದ್ದ ಅಧಿಕಾರಿ ನಂಜನಗೂಡಿನಲ್ಲೇ ಇಳಿದು, "ನೀನೇ ತೋರಿಸ್ಕೊಂಡ್ ಬಾರಪ್ಪ" ಎಂದು ಹೊರಟುಬಿಟ್ಟರು.

ಮಗ್ಗದ ಶೆಡ್ಡಿಗೆ ಬೀಗ. ಬಿಸಿಲಿನಲ್ಲಿ ಆಕೆ ಒಬ್ಬರೇ ನಿಂತರು. ಮಾತಾಡಿಸೋಣವೆಂದರೆ ನನಗೆ ಅವರ ಭಾಷೆ ಬಾರದು.

ಅಷ್ಟರಲ್ಲಿ ವಯಸ್ಸಾದ ನೇಕಾರ ಹೆಂಗಸೊಬ್ಬರು ಆರತಿ ತಟ್ಟೆ ತಂದರು. ಉಳಿದ ಹೆಂಗಸರೆಲ್ಲ ಮನೆಗೆ ಹೋಗಿದ್ದರಂತೆ.

"ಪ್ರೋಗ್ರಾಮ್ ಕ್ಯಾನ್ಸಲ್ ಆಯ್ತು ಕಣಮ್ಮ" ಎಂದೆ.

"ಕರೆದೋರು ಒಂಟೋದ್ರು ಅಂತ ಬಂದೋರ್ನ ಬೀದೀಲಿ ನಿಲ್ಸಕ್ಕಾಯ್ತದಾ? ಆರತಿ ಎತ್ತಕ್ಕೆ ಇಬ್ರು ಬೇಕು. ಬಾ, ಆ ಕಡೆ ಇಡ್ಕೊ" ಎಂದು ಗದರಿದರು.

ಗಂಡಸಾದ ನಾನು ನಾಚುತ್ತಲೇ ತಟ್ಟೆಯ ಇನ್ನೊಂದು ತುದಿ ಹಿಡಿದೆ. ಪತ್ರಕರ್ತೆ ಕಣ್ಣು ಮುಚ್ಚಿಕೊಂಡರು. ಮೈಸೂರು ತಲುಪುವವರೆಗೂ ಹಣೆಯ ಕುಂಕುಮ ಒರೆಸಿಕೊಳ್ಳಲಿಲ್ಲ.

ಈಗ ಹೊಸ ಸರ್ಕಾರದ ಅತಿಥಿಗಳಿಗೂ ನಾನೇ ಡ್ರೈವರು. ಹಾರ ಹಾಕಲು ಜನ ಮುಗಿಬೀಳುತ್ತಾರೆ. ನಾನು ದೂರದಲ್ಲಿ ಕಾರಿಗೊರಗಿ ನಿಂತಿರುತ್ತೇನೆ. ತಟ್ಟೆ ಹಿಡಿ ಬಾ ಎಂದು ಆಮೇಲೆ ಯಾರೂ ಕರೆದಿಲ್ಲ.