ಬೀರವ್ವ ಬೆಳ್ಳಿ ಕೂರಿಸಿದ ಕಂಚಿನ ಹಕ್ಕಿ

ಬೀರವ್ವ ಗಡಹಿಂಗ್ಲಜ ಹತ್ತಿರದ ಕುರುಬರ ಮನೆಯ ಮಗಳು. ಗಂಡ ತಾನಾಜಿ ಕೊಲ್ಹಾಪುರದಲ್ಲಿ ಕತ್ತಿಗಳಿಗೆ ಕಂಚಿನ ಹಿಡಿ ಎರಕ ಹೊಯ್ಯುತ್ತಿದ್ದ. ಅವನ ಪಕ್ಕ ಕೂತು ಆಕೆ ಕೆಲಸ ಕಲಿತಳು: ಕಂಚಿನಲ್ಲಿ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ತಿಕ್ಕಿ ನುಣುಪು ಮಾಡುವುದು. ಕೆಲವೇ ವರ್ಷಗಳಲ್ಲಿ ಗಂಡ ಆ ಕೆಲಸವನ್ನು ಪೂರಾ ಅವಳಿಗೇ ಬಿಟ್ಟ.

ಕಾಗಲದ ಕಾರಖಾನೆ ಮಾಲೀಕ ಧೀರಜನಿಗೆ ಹಳೆಯ ಆಯುಧಗಳ ಹುಚ್ಚು. ಒಂದು ದಿನ ಅವನು ಎರಡು ಕಂಚಿನ ತುಂಡು ತಂದು, ಚೀನಾದವು, ಎರಡು ಸಾವಿರ ವರ್ಷ ಹಳೆಯವು ಎಂದ. ಒಂದು, ಕೋಲಿನ ತುದಿಗೆ ತೊಡಿಸುವ ಟೋಪಿ: ಕುತ್ತಿಗೆ ಹೊರಳಿಸಿ ಹಿಂದೆ ನೋಡುವ ಹಕ್ಕಿ, ಮೈತುಂಬ ಮೋಡದಂಥ ಬೆಳ್ಳಿಯ ಸುರುಳಿ. ಇನ್ನೊಂದು, ಅದೇ ಕೋಲಿನ ಬುಡಕ್ಕೆ ಹಾಕುವ ಕೊಳವೆ. ಹಕ್ಕಿಯ ರೆಕ್ಕೆಯ ಬೆಳ್ಳಿ ಅಲ್ಲಲ್ಲಿ ಉದುರಿತ್ತು. ಅದನ್ನು ತುಂಬಿ, ಹೊಸ ಕೋಲು, ಹೊಸ ಅಲಗು ಕೂರಿಸಿ ಕೊಡಬೇಕಿತ್ತು. ಅಲಗು ಕುಡಗೋಲಿನ ಹಾಗೆ ಕೋಲಿಗೆ ಅಡ್ಡ. ವೈರಿಯ ಕುತ್ತಿಗೆಗೆ ಸಿಕ್ಕಿಸಿ ಎಳೆಯಲಿಕ್ಕೆ ಮಾಡಿದ್ದು.

"ಗ್ವಾಡಿಗೆ ಹಾಕೂದಲ್ಲೇನ್ರಿ, ಮೊಂಡ ಇರ್ಲಿ," ಎಂದ ತಾನಾಜಿ.

"ಖರೇ ಆಯುಧ ಮೊಂಡ ಇರ್ತದೇನು? ಸಾಣಿ ಹಿಡಿ," ಎಂದ ಧೀರಜ.

ತಾನಾಜಿ ಸಾಣೆ ಹಿಡಿದ.

ಬೀರವ್ವ ಹಕ್ಕಿಯ ರೆಕ್ಕೆಗೆ ಬೆಳ್ಳಿ ತುಂಬಿದ ಮೇಲೆ, ಗಂಡ ಹೆಂಡತಿ ಇಬ್ಬರೂ ಆಯುಧವನ್ನು ಕಾಗಲದ ಧೀರಜನ ಬಂಗಲೆಗೆ ಒಯ್ದರು. ತಾನಾಜಿ ಮೊಳೆ ತರಲು ಬಜಾರಿಗೆ ಹೋದಾಗ, ಧೀರಜನ ಕಾಕಾನ ಮಗ ಕೇತನ ಒಳಗೆ ಬಂದ. ಅವತ್ತು ಬೆಳಿಗ್ಗೆ ಅವನನ್ನು ಕಾರಖಾನೆಯ ಗೇಟಿನಲ್ಲೇ ತಡೆದಿದ್ದರು.

"ಕಾರಖಾನೆ ನಮ್ಮಪ್ಪನೂ ಕಟ್ಯಾನ, ದಾದಾ. ನನ್ನ ಯಾಕ ತಡದ್ರು?"

"ನಾನ ಹೇಳೇನಿ. ನಡಿ ಹೊರಗ."

ಕೇತನ ಅವನ ಅಂಗಿ ಹಿಡಿದ. ಧೀರಜ ಮುಖಕ್ಕೆ ಗುದ್ದಿದ. ಮೂಗು ಒಡೆದು ರಕ್ತ ಸುರಿಯುತ್ತಿದ್ದರೂ ಕೇತನ ತಿರುಗಿ ಗುದ್ದಿದ. ಧೀರಜ ಗೋಡೆಗೆ ಒರಗಿಸಿದ್ದ ಆಯುಧಕ್ಕೆ ಕೈ ಹಾಕಿದ. ಹೆದರಿಸಲಿಕ್ಕೆ ಎತ್ತಿದ್ದಾನೆ ಎಂದುಕೊಂಡಳು ಬೀರವ್ವ. ಅವನು ಅಲಗನ್ನು ಕೇತನನ ಕುತ್ತಿಗೆಯ ಹಿಂದೆ ಸಿಕ್ಕಿಸಿ ಜಗ್ಗಿದ. ಕೇತನ ಮೊಣಕಾಲೂರಿ ಕುಸಿದ. ಹಕ್ಕಿಯ ಮೇಲೆ ರಕ್ತ ಚಿಮ್ಮಿತು.

ಮತ್ತೊಮ್ಮೆ ಜಗ್ಗುವಷ್ಟರಲ್ಲಿ ಬೀರವ್ವ ಹಾರಿ ಕೋಲು ಹಿಡಿದಳು. ಬಲಗೈ ಅಲಗಿನ ಮೇಲೆ ಜಾರಿತು, ಎರಡು ಬೆರಳು ಎಲುಬಿನ ತನಕ ಕೊಯ್ದುಹೋದವು. ಆಕೆ ಬಿಡಲಿಲ್ಲ. ಕೋಲು ಕಸಿದು ತಿರುವಿ, ಬುಡದ ಕಂಚಿನಿಂದ ಧೀರಜನ ಮೊಣಕಾಲಿಗೆ ಹೊಡೆದಳು. ಬಿದ್ದವನನ್ನೂ ಹೊಡೆದಳು. ತಾನಾಜಿ ಓಡಿಬಂದು ಹಿಡಿದುಕೊಂಡಾಗಲೂ ಅವಳ ಕೈ ಬೀಸುತ್ತಲೇ ಇತ್ತು.

ಆಸ್ಪತ್ರೆಗೆ ಒಯ್ಯುವ ಜೀಪಿನಲ್ಲಿ ಕೇತನನ ತಲೆ ಬೀರವ್ವನ ತೊಡೆಯ ಮೇಲಿತ್ತು. ಕೊಲ್ಹಾಪುರ ಮುಟ್ಟುವ ಮೊದಲೇ ಜೀವ ಹೋಯಿತು.

ಕೇಸು ಕೋರ್ಟಿಗೆ ಬರುವ ಮುಂಚೆ ಧೀರಜನ ಮಂದಿ ತಾನಾಜಿಯ ಅಂಗಡಿಗೆ ನುಗ್ಗಿದರು. ಆಯುಧ ಎತ್ತಿದವನು ಕೇತನ ಎಂದು ಬೀರವ್ವ ಹೇಳಬೇಕಂತೆ. ತಾನಾಜಿಯ ದವಡೆ ಮುರಿದರು, ಒಲೆ ಕೆಡವಿದರು. ಆಸ್ಪತ್ರೆಯಲ್ಲಿ ತಾನಾಜಿ ಬಾಯಿ ತೆರೆಯಲಾಗದೆ, ಸಾಕ್ಷಿ ಬೇಡ ಎಂದು ಕೈ ಆಡಿಸಿದ.

"ನನ್ನ ಕೈಯಾಗ ಸತ್ತಾನ್ರಿ ಆ ಮನಷ್ಯಾ," ಎಂದಳು ಬೀರವ್ವ. "ಸುಳ್ಳ ಹ್ಯಾಂಗ ಹೇಳ್ಲಿ?"

ಕೋರ್ಟಿನಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಅಲಗಿಗೆ ಸಾಣೆ ಹಿಡಿದದ್ದು ತಾವೇ ಎಂಬುದನ್ನೂ ಮುಚ್ಚಿಡಲಿಲ್ಲ. ಧೀರಜನಿಗೆ ಜೀವಾವಧಿ ಶಿಕ್ಷೆಯಾಯಿತು.

ಈಗ ಅವರು ಗಡಹಿಂಗ್ಲಜದಲ್ಲಿ ಇದ್ದಾರೆ. ಬೀರವ್ವನ ಎರಡು ಬೆರಳು ಮಡಚುವುದಿಲ್ಲ. ಸಣ್ಣ ತಂತಿ ಹಿಡಿಯಲು ಬರುವುದಿಲ್ಲ. ತಾನಾಜಿ ಪಾತ್ರೆಗಳ ಹಿಡಿ ಎರೆಯುತ್ತಾನೆ, ಆಕೆ ಅವುಗಳಿಗೆ ಅರ ಹಾಕಿ ನುಣುಪು ಮಾಡುತ್ತಾಳೆ.

ಹೋದ ಚಳಿಗಾಲದಲ್ಲಿ ಕೇತನನ ಹೆಂಡತಿ ನೂತನ ಹುಡುಕಿಕೊಂಡು ಬಂದಳು. ಚಹಾ ಮುಟ್ಟದೆ ಕೇಳಿದಳು: "ಜೀಪಿನ್ಯಾಗ ಏನರ ಅಂದ್ರೇನ್ರಿ ಅವ್ರು?"

ಕೇತನ ನೂತನಳ ಹೆಸರು ಹೇಳಿದ ಎಂದುಬಿಡಲೇ ಎಂದು ಬೀರವ್ವನಿಗೆ ಅನಿಸಿತು.

"ನೀರ ಕೇಳಿದ್ರವ್ವಾ," ಎಂದಳು. "ನಮ್ಮ ಕಡೆ ಇರ್ಲಿಲ್ಲ."

ನೂತನ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೀರವ್ವ ಎದ್ದು ಹೋಗಿ ಅವಳ ಮಗ್ಗುಲಲ್ಲಿ ಕೂತಳು.