ಅಮ್ಮನ ಹಿಂದೆ ನುಗ್ಗಿದ ಕಳ್ಳ

ನಿನ್ನೆ ಚಾಮರಾಜನಗರದ ಮಗಳ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿತ್ತು. ಸಾಸಿವೆ ಸಿಡಿದ ವಾಸನೆ ನಡುಮನೆಗೆ ಬಂದಿತೋ ಇಲ್ಲವೋ, ಜಪದ ಸರ ಕೆಳಗಿಟ್ಟು ಅಡುಗೆಮನೆಗೆ ಓಡಿದೆ. ಈ ಮಂಡಿ ಹೊತ್ತುಕೊಂಡು ಓಡಿದೆ ಎಂದರೆ ನೀವು ನಗುತ್ತೀರಿ. ಬೇಗ ನಡೆದೆ ಎಂದಿಟ್ಟುಕೊಳ್ಳಿ.

"ಕೂಸಿಗೆ ಮೈ ಕಾಯ್ತಾ ಅದೆ, ಒಗ್ಗರಣೆ ಹಾಕ್ಬುಟ್ಯೇನಮ್ಮಿ?"

ಮಗಳು ಮಾದೇವಿ ತಾನೇ ಅಜ್ಜಿಯಾದರೂ ನನಗೆ ಇನ್ನೂ ಅಮ್ಮಿಯೇ. ಮೊಮ್ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ನಕ್ಕಳು. "ಓದ ವಾರ ದಡಾರದ ಸೂಜಿ ಹಾಕ್ಸಿದ್ವಲ್ಲ, ಅದ್ಕೆ ಬೆಚ್ಚಗಾಗಿ ಅದೆ ಕಣವ್ವ. ಅಮ್ಮ ಬಂದಿಲ್ಲ. ಸುಮ್ನೆ ಕೂತ್ಕೊ ಓಗು."

ನಮ್ಮ ಕಡೆ ದಡಾರಕ್ಕೆ ಅಮ್ಮ ಎನ್ನುವುದೇ ವಾಡಿಕೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಕೂಸಿಗೆ ಬೇವಿನ ಸೊಪ್ಪಿನ ಮೇಲೆ ಹಾಸಿಗೆ. ಬೇವು ಅರಿಶಿನದ ನೀರನ್ನು ಮೂರು ಸಲ ಹಾಕಿ ದೇವಿಯನ್ನು ಸಂತೋಷದಿಂದ ಕಳಿಸಿಕೊಡುವ ತನಕ ಕೂಸು ಹೊಸಿಲು ದಾಟಬಾರದು. ಔಷಧಿಯಂತೂ ಕೂಡದು, ದೇವಿಗೆ ಅವಮಾನ. ಇದನ್ನೆಲ್ಲ ನನಗೆ ಕಲಿಸಿದವರು ನಮ್ಮತ್ತೆ. ಅವರು ಹೆಮ್ಮೆಯ ಹೆಂಗಸು. ಅವರ ಸೊಸೆ ಎಂದು ಹೇಳಿಕೊಳ್ಳುವಾಗ ನನಗೂ ಸ್ವಲ್ಪ ತಲೆ ಮೇಲಾಗುತ್ತದೆ, ದೇವರು ಕ್ಷಮಿಸಲಿ.

ಐವತ್ತರ ದಶಕದ ಮಾತು. ತೆರಕಣಾಂಬಿಯಲ್ಲಿ ನಮ್ಮ ಬೀದಿಯ ಯಾವ ಮನೆಗೆ ಅಮ್ಮ ಬಂದರೂ ಮೊದಲ ಕರೆ ಅತ್ತೆಗೆ. ಅವರು ಹೋಗಿ ದೇವಿಯನ್ನು ಕೂರಿಸುವ ಕಳಸ ಇಟ್ಟು, ಕೂಸಿನ ಹಣೆ ಮುಟ್ಟಿ, ನೀರು ಹಾಕುವ ದಿನ ಹೇಳಬೇಕು. ಅಂಥವರ ಮನೆಗೇ ಒಂದು ಬೇಸಿಗೆ ಅಮ್ಮ ಬಂದಳು, ಮಾದೇವಿಯ ಮೈಮೇಲೆ. ಆಗವಳು ತಪ್ಪುಹೆಜ್ಜೆ ಇಡುವ ಕೂಸು.

ಗಂಧೆ ಎದ್ದವು, ಬಾಡತೊಡಗಿದವು. ಎರಡು ನೀರು ಹಾಕಿದ್ದಾಯಿತು. ಒಂದೇ ನೀರು ಉಳಿಯಿತು ಎಂದು ನಾನು ದೇವಿಯನ್ನು ಕಳಿಸುವ ದಿನದ ತಂಬಿಟ್ಟಿಗೆ ಅಕ್ಕಿ ನೆನೆಹಾಕುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಕೂಸಿಗೆ ಕೆಮ್ಮು ಹಿಡಿಯಿತು, ಇಳಿದಿದ್ದ ಜ್ವರ ತಿರುಗಿ ಏರಿತು. ಹಾಲು ಕುಡಿಯಲು ಬಾಯಿಟ್ಟರೆ ಉಸಿರು ಸಾಲದೆ ಬಿಟ್ಟುಬಿಡುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ನಾನು ಅಳುವುದರಲ್ಲಿ ಮೊದಲಿನಿಂದಲೂ ಗಟ್ಟಿಗಿತ್ತಿ, ಅತ್ತುಕೊಂಡೇ ಹೇಳಿದೆ, "ಅತ್ತೆ, ಗುಂಡ್ಲುಪೇಟೆ ಡಾಕ್ಟ್ರತ್ರ ಓಗನ."

ಪಕ್ಕದ ಮನೆಯ ಸಿದ್ದವ್ವ ಬೀದಿಯಲ್ಲೇ ನಿಂತು ಕೇಳಿಸಿಕೊಂಡರು. "ಮೂರ್ನೇ ನೀರು ಬೀಳ್ದೆ ಹೊಸಿಲು ದಾಟ್ಸೀಯಾ ಅಕ್ಕ? ನನ್ ಸೊಸೆ ಆಸ್ಪತ್ರೆ ಅಂದಾಗ ಕೈ ಅಡ್ಡ ಹಿಡ್ದೋಳು ನೀನೇ ಅಲ್ವಾ? ನಿನ್ ಮನೆ ಕೂಸಿಗಾದ್ರೆ ಬೇರೆ ನ್ಯಾಯವಾ?"

ಮಾತು ಸುಳ್ಳಲ್ಲ. ಸಿದ್ದವ್ವನ ಮೊಮ್ಮಗ ತಾನಾಗಿಯೇ ಗುಣವಾಗಿದ್ದ. ಅತ್ತೆ ಕಳಸದ ಮುಂದೆ ಕೂತರು. ಕೂಸಿನ ಪಕ್ಕೆ ನೋಡಿದರು, ಕಳಸ ನೋಡಿದರು. ಆಮೇಲೆ ನಮ್ಮ ಯಜಮಾನರನ್ನು ಕೂಗಿದರು.

"ಗಾಡಿ ಕಟ್ಟು ಕಣ್ಲಾ."

"ಅಮ್ಮ ಮನೇಲವ್ಳಲ್ಲವ್ವ?"

"ಬುಟ್ಟು ಓಗು ಅಂದೋರ್ಯಾರು? ಅವ್ಳನ್ನೂ ಕರ್ಕೊಂಡೇ ಓಗನ. ಅಮ್ಮ ಇರೋ ಕಡೆ ತಾನೆ ಕೂಸಿರ್ಬೇಕು? ಗಾಡೀಲೇ ಇರ್ತಳೆ."

ಎತ್ತಿನ ಗಾಡಿಗೆ ಬೇವಿನ ಸೊಪ್ಪು ಹಾಸಿದರು, ಕಮಾನಿಗೂ ಕಟ್ಟಿದರು. ಕಳಸ ತೊಡೆಯ ಮೇಲಿಟ್ಟುಕೊಂಡು ಅತ್ತೆ ಮುಂದೆ, ಕೂಸನ್ನು ಅವಚಿಕೊಂಡು ನಾನು ಹಿಂದೆ. ದಾರಿಯ ಊರುಗಳಲ್ಲಿ ಹೆಂಗಸರು ಗಾಡಿ ಕಂಡು ಬಿಂದಿಗೆ ತಂದು ಎತ್ತಿನ ಕಾಲಿಗೆ ನೀರು ಹಾಕಿ ಕೈ ಮುಗಿದರು.

"ಎಲ್ಲಿಗೆ ದಯಮಾಡ್ಸ್ತಾವ್ಳೆ ತಾಯಿ?" ಎಂದು ಒಬ್ಬಾಕೆ ಕೇಳಿದಳು.

"ಆಸ್ಪತ್ರೆಗೆ," ಎಂದರು ಅತ್ತೆ.

"ಅಮ್ಮ ಆಸ್ಪತ್ರೆಗಾ!"

"ಯಾಕವ್ವ, ಅವ್ಳು ನೋಡ್ಬಾರ್ದಾ?"

ಅಷ್ಟು ಭಯದಲ್ಲೂ ನನಗೆ ನಗು ಬಂತು. ನಗುತ್ತಲೇ ಕೂಸಿನ ಎದೆಯ ಮೇಲೆ ಕೈಯಿಟ್ಟು, ತಾಯೀ, ಇನ್ನೊಂದು ಉಸಿರು, ಇನ್ನೊಂದು ಉಸಿರು ಎಂದು ಬೇಡುತ್ತಿದ್ದೆ.

ಗುಂಡ್ಲುಪೇಟೆಯ ಡಾಕ್ಟರು ಬೇರೆ ಮಕ್ಕಳಿಗೆ ಅಂಟೀತೆಂದು ನಮ್ಮನ್ನು ಹಿತ್ತಿಲ ಕಡೆಯ ಜಗಲಿಗೆ ಕಳಿಸಿ, ಅಲ್ಲಿಗೇ ಬಂದರು. "ಏನಜ್ಜಿ, ಗುಡೀನೇ ಹೊತ್ಕೊಂಡು ಬಂದಿದ್ದೀರಿ!" ಎನ್ನುತ್ತ ಕೂಸಿನ ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ಮುಖದ ನಗು ಇಳಿಯಿತು. "ನ್ಯುಮೋನಿಯಾ. ಸೂಜಿ ಹಾಕಬೇಕು, ಈಗಲೇ."

ಅತ್ತೆ ಕೂಸಿಗೆ ಅಡ್ಡ ಕೈ ಹಿಡಿದರು. "ಅಮ್ಮ ಮೈಮೇಲಿರೋವಾಗ ಸೂಜಿ ಚುಚ್ಚಕಾಗಲ್ಲ ಸ್ವಾಮಿ. ಉಸುರು ನಿರಾಳ ಆಗಕೆ ಬೇರೇನಾರ ಕೊಡಿ."

ಡಾಕ್ಟರು ಗದರಲಿಲ್ಲ, ಅದು ಅವರ ದೊಡ್ಡತನ. ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಅಜ್ಜಿ, ದಡಾರ ತರೋದು ಕಣ್ಣಿಗೆ ಕಾಣದ ಒಂದು ವಿಷಾಣು. ಅದಕ್ಕೆ ನನ್ನ ಹತ್ರ ಔಷಧಿಯೇ ಇಲ್ಲ, ಯಾರ ಹತ್ರಾನೂ ಇಲ್ಲ. ಬಂದು, ಇದ್ದು, ತಾನಾಗಿ ಹೋಗಬೇಕು. ಒಂದೊಂದು ಸಲ ಅದೇ ಎದೆಗಿಳಿಯುತ್ತೆ. ಒಂದೊಂದು ಸಲ ಅದು ಮಗುವಿನ ಶಕ್ತಿ ಕುಂದಿಸಿದ ಮೇಲೆ ಇನ್ನೊಂದು ಕ್ರಿಮಿ ಒಳಗೆ ನುಗ್ಗುತ್ತೆ. ಈ ಜ್ವರ ಇಳಿದು ಏರಿದ್ದು ನೋಡಿದರೆ ಆ ಇನ್ನೊಂದೇ ನುಗ್ಗಿರಬೇಕು. ಸೂಜಿ ಅದಕ್ಕೆ."

ಅಡ್ಡ ಹಿಡಿದ ಕೈ ತೆಗೆಯದೆಯೇ ಅತ್ತೆ ಹೇಳಿದರು, "ಅಂದ್ರೆ ನಮ್ಮಮ್ಮನಿಗೆ ಔಷಧಿ ಇಲ್ಲ ಅಂತ ನೀವೇ ಒಪ್ಕೊಂಡ್ರಿ."

"ಒಪ್ಪಿದೆ."

"ಅಮ್ಮ ಬಾಗ್ಲು ತೆಗ್ದು ಒಳಕ್ಕೆ ಬಂದ್ಲು. ತೆಗ್ದಿದ್ ಬಾಗ್ಲಲ್ಲಿ ಅವ್ಳ ಹಿಂದೆ ಕಳ್ಳ ನುಗ್ಗವ್ನೆ."

"ಹಾಗೇ ಅಂದ್ಕೊಳ್ಳಿ."

ಅತ್ತೆ ಕೈ ತೆಗೆದರು. ಕಳಸವನ್ನು ಕೂಸಿನ ತಲೆಯ ಹತ್ತಿರವೇ ಇಟ್ಟರು. "ಹಂಗಿದ್ರೆ ಚುಚ್ಚಿ ಸ್ವಾಮಿ, ಆ ಕಳ್ಳನ್ಗೆ. ಅಮ್ಮನೂ ನೋಡ್ಲಿ."

ಆಸ್ಪತ್ರೆಯ ಜಗಲಿಯಲ್ಲೇ ಕೆಲವು ದಿನ ಉಳಿದೆವು. ಪಕ್ಕೆಯ ಗುಳಿ ತುಂಬಿಕೊಂಡಿತು, ಕೂಸು ಹಾಲಿಗೆ ಬಾಯಿಟ್ಟು ಬಿಡದೆ ಕುಡಿಯಿತು. ದೇವರ ಮುಂದೆ ಕೂತಾಗ ನಾನು ಬೇಡುವುದಕ್ಕಿಂತ ಎಣಿಸಿಕೊಳ್ಳುವುದೇ ಹೆಚ್ಚು: ಗಾಡಿಯ ಅಚ್ಚು ಮುರಿಯಲಿಲ್ಲ, ಡಾಕ್ಟರು ಊರಲ್ಲಿದ್ದರು, ಅವರಿಗೆ ತಾಳ್ಮೆಯಿತ್ತು, ನಮ್ಮತ್ತೆಗೆ ಬುದ್ಧಿಯಿತ್ತು. ಮೂರನೆಯ ನೀರನ್ನು ಊರಿಗೆ ಬಂದೇ ಹಾಕಿದ್ದು. ತಂಬಿಟ್ಟಿನಲ್ಲಿ ದೊಡ್ಡ ಉಂಡೆ ಸಿದ್ದವ್ವನ ಮನೆಗೆ ಹೋಯಿತು, ಅತ್ತೆಯ ಕೈಯಿಂದಲೇ.

ಅಂದಿನಿಂದ ಅಮ್ಮ ಬಂದ ಮನೆಗೆ ಹೋದರೆ ಅತ್ತೆ ಮೊದಲು ಕಳಸ ಇಡುತ್ತಿರಲಿಲ್ಲ. ಕೂಸಿನ ಬಟ್ಟೆ ಸರಿಸಿ ಪಕ್ಕೆ ನೋಡುತ್ತಿದ್ದರು. ಗುಳಿ ಕಂಡರೆ, "ಹಿಂದೆ ಯಾರೋ ಬಂದವ್ನೆ ಕಣ್ರವ್ವ, ಗಾಡಿ ಕಟ್ಟಿ," ಎನ್ನುತ್ತಿದ್ದರು. ಸಿದ್ದವ್ವನ ಮನೆಯಿಂದಲೂ ಒಂದು ಸಲ ಗಾಡಿ ಹೊರಟಿತು. ಅವತ್ತು ಕಳಸ ಇದ್ದದ್ದು ಸಿದ್ದವ್ವನ ತೊಡೆಯ ಮೇಲೆ.

ನಿನ್ನೆ ಅಡುಗೆಮನೆಯಲ್ಲಿ ಮಾದೇವಿಯ ಸೊಂಟದ ಮೇಲಿದ್ದ ಕೂಸಿನ ಅಂಗಿ ಎತ್ತಿ ನೋಡಿದೆ. ಪಕ್ಕೆ ಸಮವಾಗಿ ಏರಿಳಿಯುತ್ತಿತ್ತು. ನನ್ನ ತಣ್ಣನೆ ಕೈಗೆ ಕಚಗುಳಿಯಾಗಿ ಕೂಸು ಕೇಕೆ ಹಾಕಿತು. ನನ್ನತ್ತೆ ಇದ್ದಿದ್ದರೆ ದಡಾರವನ್ನೇ ತಡೆಯುವ ಈ ಸೂಜಿಗೆ ಏನನ್ನುತ್ತಿದ್ದರು? ಔಷಧಿ ಇಲ್ಲವೆಂದು ಆ ಡಾಕ್ಟರು ಒಪ್ಪಿಕೊಂಡ ಅಮ್ಮನೇ ಈಗ ಹೊಸಿಲಾಚೆ ನಿಂತು ಹರಸಿ ಹೋಗುತ್ತಾಳೆ. ಬಾಗಿಲೇ ತೆರೆಯದಿದ್ದರೆ ಕಳ್ಳನಿಗೆ ದಾರಿಯೆಲ್ಲಿ?

"ಏನವ್ವ, ಒಗ್ಗರಣೆ ತಗ್ದು ಚೆಲ್ಲನಾ?" ಮಾದೇವಿ ಅಣಕಿಸಿದಳು.

"ಸಾಸಿವೆ ಕಮ್ಮಿಯಾಗಿ ಅದೆ," ಎಂದೆ. "ಇನ್ನೊಂದು ಚೂರು ಹಾಕಮ್ಮಿ, ಬೀದಿಗೆಲ್ಲ ವಾಸ್ನೆ ಬರ್ಲಿ."